ಟೆನಿಸನ್ ಗ್ಯಾಂಬಿಟ್: ಇ7ರ ಕಾಲಾಳಿನ ಮೇಲೆ ಕಣ್ಣಿಟ್ಟು ಆಡುವ ದಾಳಿ

ಚೆಸ್‌ನಲ್ಲಿ ಬಿಳಿ ಕಾಯಿ ಹಿಡಿದು, ಎಂಟನೇ ನಡೆಯಲ್ಲಿ ಎದುರಾಳಿಯ ರಾಣಿಯನ್ನು ಕಬಳಿಸುವ ಅಥವಾ ಅದೇ ಎಂಟನೇ ನಡೆಯಲ್ಲಿ ಚೆಕ್‌ಮೇಟ್ ಹೇಳುವ ಅವಕಾಶವಿರುವ ಒಂದು ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮ, ಇದೆ. ಅದರ ಹೆಸರು ಟೆನಿಸನ್ ಗ್ಯಾಂಬಿಟ್. ಗ್ಯಾಂಬಿಟ್ ಎಂದರೆ ದಾಳಿಯ ಅನುಕೂಲಕ್ಕಾಗಿ ಆರಂಭದಲ್ಲೇ ಕಾಲಾಳನ್ನೋ ಕಾಯಿಯನ್ನೋ ಬಿಟ್ಟುಕೊಡುವುದು. ಡೆನ್ಮಾರ್ಕ್ ಮೂಲದ ಹವ್ಯಾಸಿ ಆಟಗಾರ ಒಟ್ಟೊ ಟೆನಿಸನ್ ಹೆಸರಿನಲ್ಲಿ ಬಹಳ ಹಿಂದಿನಿಂದಲೂ ಇರುವ ಇದಕ್ಕೆ ಇಂಟರ್‌ನೆಟ್ ಕಾಲದಲ್ಲಿ ‘ಖಂಡಾಂತರ ಕ್ಷಿಪಣಿ’ ಎಂಬ ಅಡ್ಡಹೆಸರೂ ಬಂದಿದೆ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ಇದನ್ನು ಕಲಿತ ಮಕ್ಕಳು ಮಂಗಳೂರು, ಉಡುಪಿಯ ವಾರಾಂತ್ಯದ ರ‍್ಯಾಪಿಡ್ ಟೂರ್ನಿಗಳಲ್ಲಿ ಈಗ ಧಾರಾಳವಾಗಿ ಸಿಗುತ್ತಾರೆ. ಅವರಲ್ಲಿ ಹಲವರು ಕುದುರೆಯನ್ನೂ ಒಂಟೆಯನ್ನೂ ಬಲಿಕೊಟ್ಟು, ರಾಣಿಯನ್ನು ಹಿಡಿದೆ ಎಂದು ಸಂಭ್ರಮಿಸಿ, ಮರುನಡೆಯಲ್ಲೇ ತಮ್ಮ ರಾಣಿಯನ್ನು ಕಳೆದುಕೊಂಡು ಪೆಚ್ಚಾಗಿ ಕೂರುತ್ತಾರೆ. ಆ ವಿಡಿಯೊಗಳು ಹೊಡೆತವನ್ನು ತೋರಿಸುತ್ತವೆ. ಹೊಡೆತ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಈ ಲೇಖನ ಇರುವುದು ಅದಕ್ಕಾಗಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪಿನ ಇ7 ಮನೆಯಲ್ಲಿರುವ ಕಾಲಾಳು ಅಲುಗದೆ ಅಲ್ಲೇ ಇದ್ದರೆ ದಾಳಿ ಜೀವಂತ. ಅದು ಒಂದು ಹೆಜ್ಜೆ ಮುಂದಿಟ್ಟರೂ ಬಲಿದಾನದ ಆಸೆಯನ್ನು ಬಿಟ್ಟುಬಿಡಬೇಕು. ಮುಂದೆ ಬರುವುದೆಲ್ಲ ಇದರ ವಿವರಣೆ. ದಯವಿಟ್ಟು ಒಂದು ಬೋರ್ಡ್ ಮುಂದಿಟ್ಟುಕೊಂಡು ಓದಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಆಟಿ ತಿಂಗಳಲ್ಲಿ ಚೆನ್ನೆಮಣೆ ಹೊರಬರುವ ನಮ್ಮ ಕರಾವಳಿಯ ಮನೆಗಳಲ್ಲಿ ಚೆಸ್ ಬೋರ್ಡಿಗೂ ಜಾಗವಿದೆ.

ಬರೆಯುವ ಕ್ರಮ ಹೀಗಿದೆ: ಎಡದಿಂದ ಬಲಕ್ಕೆ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8ರವರೆಗೆ ಅಂಕಿ. ಕಾಯಿಗಳು ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು. ಮೂಲೆಯಲ್ಲಿ ನಿಂತು ನೇರವಾಗಿ ಸಾಗುವುದು ಆನೆ, ಕರ್ಣರೇಖೆಯಲ್ಲಿ ಸಾಗುವುದು ಒಂಟೆ. ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. × ಗುರುತು ಹೊಡೆಯುವುದಕ್ಕೆ, ! ಗುರುತು ಒಳ್ಳೆಯ ನಡೆಗೆ. ನಡೆಯ ಅಂಕಿಯ ಪಕ್ಕದಲ್ಲಿ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ.

ಮೊದಲ ಹಂತ: ಆ ಸ್ಥಿತಿಗೆ ತಲುಪುವುದು

1. ಇ4 ಡಿ5
2. ಕುದುರೆ ಎಫ್3

ಇ4ಕ್ಕೆ ಡಿ5 ಎಂದು ಉತ್ತರಿಸುವುದು ಸ್ಕ್ಯಾಂಡಿನೇವಿಯನ್ ರಕ್ಷಣೆ. ನಮ್ಮ ಕಡೆಯ ಶಾಲಾ ಮಟ್ಟದ ಆಟಗಾರರಿಗೆ ಇದು ಬಹಳ ಪ್ರಿಯ, ಏಕೆಂದರೆ ಕಲಿಯಬೇಕಾದ ಕವಲುಗಳು ಕಡಿಮೆ. ಹಗುರವಾದ ರಕ್ಷಣೆ ಎಂದು ಯಾರೂ ಭಾವಿಸಬಾರದು. 1995ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 14ನೇ ಆಟದಲ್ಲಿ ವಿಶ್ವನಾಥನ್ ಆನಂದ್ ಆಗಿನ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ವಿರುದ್ಧ ಆಡಿದ್ದು ಇದನ್ನೇ. ಆ ಆಟವನ್ನು ಕಾಸ್ಪರೋವ್ ಗೆದ್ದರು.

ಸಾಮಾನ್ಯವಾಗಿ ಎಲ್ಲರೂ ಎರಡನೇ ನಡೆಯಲ್ಲಿ ಡಿ5ರ ಕಾಲಾಳನ್ನು ಹೊಡೆಯುತ್ತಾರೆ. ಕಪ್ಪು ಆಟಗಾರ ತಯಾರಾಗಿ ಬಂದಿರುವುದೂ ಅದಕ್ಕೇ. ನಾವು ಹೊಡೆಯದೆ ಕುದುರೆಯನ್ನು ಎಫ್3ಕ್ಕೆ ತಂದು, ಇ4ರ ಕಾಲಾಳನ್ನು ಹೊಡೆಯಲು ಬಿಡುತ್ತೇವೆ. ಇದೇ ಸ್ಥಿತಿಗೆ 1. ಕುದುರೆ ಎಫ್3 ಡಿ5 2. ಇ4 ಎಂಬ ದಾರಿಯಲ್ಲೂ ಬರಬಹುದು. ಈ ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಕುದುರೆಯಿಂದ ಆಟ ಶುರುವಾದಾಗ ಕಪ್ಪಿನವರು ನಿಧಾನದ ಆಟ ಎಂದುಕೊಂಡು ಡಿ5 ಆಡುತ್ತಾರೆ. ಸ್ಕ್ಯಾಂಡಿನೇವಿಯನ್ ಗೊತ್ತಿಲ್ಲದವರೂ ಈ ಬಾಗಿಲಿನಿಂದ ಒಳಗೆ ಬರುತ್ತಾರೆ.

2... ಡಿ × ಇ4
3. ಕುದುರೆ ಜಿ5

ಕುದುರೆಯ ಗುರಿ ಎರಡು: ಇ4ರಲ್ಲಿ ಕುಳಿತ ಕಾಲಾಳು ಮತ್ತು ಎಫ್7. ಆಟದ ಆರಂಭದಲ್ಲಿ ಎಫ್7 ಮನೆಗೆ ರಾಜನ ಹೊರತು ಬೇರೆ ಕಾವಲಿಲ್ಲ.

ಎರಡನೇ ನಡೆಯಲ್ಲಿ ಕಪ್ಪು ಹೊಡೆಯದೇ ಇರಬಹುದು. 2... ಇ6 ಆದರೆ ಅದು ಫ್ರೆಂಚ್ ರಕ್ಷಣೆ, 2... ಸಿ6 ಆದರೆ ಕಾರೊ–ಕಾನ್. ಅವುಗಳನ್ನು ಅವುಗಳ ಕ್ರಮದಲ್ಲೇ ಆಡಿ. 2... ಕುದುರೆ ಎಫ್6 ಆದರೆ 3. ಇ5 ಎಂದು ಕುದುರೆಯನ್ನು ಅಟ್ಟಿ. 2... ಡಿ4 ಆದರೆ 3. ಒಂಟೆ ಸಿ4, ಆಮೇಲೆ ಡಿ3 ಮತ್ತು ಕ್ಯಾಸ್ಲಿಂಗ್ (ರಾಜನನ್ನು ಆನೆಯತ್ತ ಎರಡು ಮನೆ ಸರಿಸಿ, ಆನೆಯನ್ನು ರಾಜನ ಆಚೆ ಪಕ್ಕಕ್ಕೆ ತರುವ ಒಂದೇ ನಡೆ).

ಎರಡನೇ ಹಂತ: ದಾರಿ ತೆರೆಯುವುದು

3... ಕುದುರೆ ಎಫ್6
4. ಡಿ3 ಇ × ಡಿ3
5. ಒಂಟೆ × ಡಿ3

ಮೂರನೇ ನಡೆಯಲ್ಲಿ ಕಪ್ಪು ಕುದುರೆ ಹೊರಬಂದು ಇ4ರ ಕಾಲಾಳನ್ನು ಕಾಯುವುದು ತೀರಾ ಸಹಜ. ನಾವು ಡಿ3 ಆಡಿ ಇನ್ನೊಂದು ಕಾಲಾಳನ್ನು ಒಡ್ಡುತ್ತೇವೆ. ಕಪ್ಪು ಅದನ್ನು ಹೊಡೆದು, ನಾವು ಒಂಟೆಯಿಂದ ಹೊಡೆದ ಮೇಲೆ ಲೆಕ್ಕ ನೋಡಿ: ಬಿಳಿಗೆ ಒಂದು ಕಾಲಾಳು ಕಡಿಮೆ. ಪ್ರತಿಯಾಗಿ ಒಂಟೆ ಡಿ3ರಲ್ಲಿ ನಿಂತು ಜಿ6ರವರೆಗೆ ನೋಡುತ್ತಿದೆ, ಕುದುರೆ ಜಿ5ರಲ್ಲಿದೆ, ಡಿ ಕಂಬಸಾಲು ಪೂರ್ತಿ ತೆರೆದಿದೆ. ಆ ಸಾಲಿನ ಒಂದು ತುದಿಯಲ್ಲಿ ನಮ್ಮ ರಾಣಿ, ಇನ್ನೊಂದು ತುದಿಯಲ್ಲಿ ಕಪ್ಪಿನ ರಾಣಿ. ನಡುವೆ ಇರುವುದು ಡಿ3ರ ನಮ್ಮ ಒಂಟೆ ಮಾತ್ರ. ಆ ಒಂಟೆ ಚೆಕ್ ಕೊಡುತ್ತಾ ಪಕ್ಕಕ್ಕೆ ಸರಿದರೆ ಕಪ್ಪಿನ ರಾಣಿ ಬಯಲಿಗೆ ಬೀಳುತ್ತದೆ. ಇಡೀ ಓಪನಿಂಗ್‌ನ ಜೀವ ಇರುವುದು ಈ ಒಂದು ಚಿತ್ರದಲ್ಲಿ. ಮುಂದಿನ ನಡೆಗಳನ್ನು ಬಾಯಿಪಾಠ ಮಾಡುವ ಮೊದಲು ಇದನ್ನು ಬೋರ್ಡಿನ ಮೇಲೆ ಒಮ್ಮೆ ನಿಧಾನವಾಗಿ ನೋಡಿಕೊಳ್ಳಿ.

ನಾಲ್ಕನೇ ನಡೆಯಲ್ಲಿ ಕಪ್ಪು ಹೊಡೆಯದೆ 4... ಎಚ್6 ಆಡಿದರೆ 5. ಕುದುರೆ × ಇ4 ಕುದುರೆ × ಇ4 6. ಡಿ × ಇ4 ರಾಣಿ × ಡಿ1 ಚೆಕ್ 7. ರಾಜ × ಡಿ1. ಆಟ ಸಮ. ಅಲ್ಲಿ ಎಫ್7ರ ಮೇಲೆ ಬಲಿದಾನಕ್ಕೆ ಹೋಗಬೇಡಿ. ಡಿ ಸಾಲು ತೆರೆದಿಲ್ಲ.

ಮೂರನೇ ಹಂತ: ಎಚ್6 ಬಂದಾಗ ಹೊಡೆತ

ಐದನೇ ನಡೆಯಲ್ಲಿ ಕಪ್ಪು ಆಟಗಾರನ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ? ಜಿ5ರ ಕುದುರೆ ಅವನಿಗೆ ಕಿರಿಕಿರಿ. ಅದನ್ನು ಓಡಿಸಬೇಕು ಎಂದು ಕೈ ತಾನಾಗಿ ಎಚ್ ಸಾಲಿನ ಕಾಲಾಳಿನತ್ತ ಹೋಗುತ್ತದೆ.

5... ಎಚ್6
6. ಕುದುರೆ × ಎಫ್7! ರಾಜ × ಎಫ್7
7. ಒಂಟೆ ಜಿ6 ಚೆಕ್! ರಾಜ × ಜಿ6
8. ರಾಣಿ × ಡಿ8

ಏಳನೇ ನಡೆಯಲ್ಲಿ ರಾಜ ಒಂಟೆಯನ್ನು ಹೊಡೆಯಲಿ, ಪಕ್ಕಕ್ಕೆ ಸರಿಯಲಿ, ಡಿ8ರ ರಾಣಿ ಉಳಿಯುವುದಿಲ್ಲ. ನಾವು ಕೊಟ್ಟದ್ದು ಒಂದು ಕುದುರೆ ಮತ್ತು ಒಂದು ಒಂಟೆ; ಪಡೆದದ್ದು ರಾಣಿ ಮತ್ತು ಎಫ್7ರ ಕಾಲಾಳು. ಮೊದಲು ಕಳೆದುಕೊಂಡ ಕಾಲಾಳಿನ ಲೆಕ್ಕವೂ ಸರಿಹೋಗಿ ಎರಡೂ ಕಡೆ ಆರಾರು ಕಾಲಾಳು ಉಳಿಯುತ್ತವೆ. ಕಪ್ಪಿನ ರಾಜ ಜಿ6ರಲ್ಲಿ ಬಯಲಿನಲ್ಲಿ ನಿಂತಿರುತ್ತಾನೆ.

ಆರನೇ ನಡೆಯಲ್ಲಿ ಕಪ್ಪು ಕುದುರೆಯನ್ನು ಹೊಡೆಯದೇ ಇದ್ದರೆ? ಎಫ್7ರ ಕುದುರೆ ಡಿ8ರ ರಾಣಿ ಮತ್ತು ಎಚ್8ರ ಆನೆ ಎರಡರ ಮೇಲೂ ಕೈ ಇಟ್ಟಿದೆ. ರಾಣಿ ಸರಿದರೆ ಆನೆ ನಮ್ಮದು. ಇದರಲ್ಲೊಂದು ಸೊಗಸಾದ ಕವಲಿದೆ: 6... ರಾಣಿ ಡಿ5 7. ಕುದುರೆ × ಎಚ್8 ರಾಣಿ × ಜಿ2. ಈಗ ಎಚ್1ರ ನಮ್ಮ ಆನೆ ಅಪಾಯದಲ್ಲಿದೆ ಎಂದು ಹೆದರಬೇಡಿ. 8. ಒಂಟೆ ಜಿ6 ಚೆಕ್! ರಾಜನಿಗೆ ಡಿ7, ಡಿ8 ಮುಚ್ಚಿವೆ, ಅಲ್ಲಿ ನಮ್ಮ ರಾಣಿಯ ದೃಷ್ಟಿ ಇದೆ. ಎಫ್7 ಮುಚ್ಚಿದೆ. ಎಫ್8ರಲ್ಲಿ ಅವನದೇ ಒಂಟೆ. ಹಾಗಾಗಿ ಕಪ್ಪಿಗೆ ರಾಣಿಯಿಂದ ಜಿ6ರಲ್ಲಿ ಒಂಟೆಯನ್ನು ಹೊಡೆಯುವುದು ಬಿಟ್ಟು ಬೇರೆ ನಡೆಯೇ ಇಲ್ಲ. ಮೂಲೆಯಲ್ಲಿದ್ದ ಕುದುರೆ ಹಾರಿ ಬಂದು ಆ ರಾಣಿಯನ್ನು ಹೊಡೆಯುತ್ತದೆ.

5... ಜಿ6 ಆಡಿದವರಿಗೂ ಇದೇ ಗತಿ: 6. ಕುದುರೆ × ಎಫ್7 ರಾಜ × ಎಫ್7 7. ಒಂಟೆ × ಜಿ6 ಚೆಕ್, ಎಂಟನೇ ನಡೆಯಲ್ಲಿ ರಾಣಿ ನಮ್ಮದು.

ರಾಣಿ ಸಿಕ್ಕ ಮೇಲೆ ಒಂದು ಎಚ್ಚರಿಕೆ

ಆಟ ಮುಗಿಯಿತು ಎಂದು ಇಲ್ಲಿ ಮೈಮರೆತರೆ ಗೆದ್ದ ಆಟ ಕೈಬಿಡುತ್ತದೆ. ಡಿ8ರಲ್ಲಿ ನಿಂತ ನಮ್ಮ ರಾಣಿಯನ್ನು ನೋಡಿ. ಅದೇ ಅಡ್ಡಸಾಲಿನ ತುದಿಯಲ್ಲಿ, ಎಚ್8ರಲ್ಲಿ, ಕಪ್ಪಿನ ಆನೆ ಇದೆ. ಎರಡರ ನಡುವೆ ಉಳಿದಿರುವುದು ಎಫ್8ರ ಒಂಟೆ ಮಾತ್ರ. ಆ ಒಂಟೆ ಸರಿದರೆ ಆನೆಯ ಬಾಯಿಗೆ ನಮ್ಮ ರಾಣಿ.

ಕಪ್ಪು 8... ಇ5 ಎಂದು ಆಡಿದರೆ ಅದು ಸುಮ್ಮನೆ ಆಡಿದ ಕಾಲಾಳಿನ ನಡೆಯಲ್ಲ. ಮುಂದಿನ ಬೆದರಿಕೆ ಒಂಟೆ ಬಿ4 ಚೆಕ್. ನಾವು ಚೆಕ್‌ಗೆ ಉತ್ತರ ಕೊಡುವಷ್ಟರಲ್ಲಿ ಆನೆ ರಾಣಿಯನ್ನು ಹೊಡೆಯುತ್ತದೆ. ಆದ್ದರಿಂದ ಒಂಬತ್ತನೇ ನಡೆಯಲ್ಲೇ ರಾಣಿಯನ್ನು ಮನೆಗೆ ಕರೆತನ್ನಿ: 9. ರಾಣಿ ಡಿ3 ಚೆಕ್. ಜಿ6ರ ರಾಜನಿಗೆ ಕರ್ಣರೇಖೆಯಲ್ಲಿ ಚೆಕ್ ಸಿಗುವುದರಿಂದ ಹಿಂದೆ ಬಂದದ್ದರಿಂದ ನಮಗೆ ಒಂದು ನಡೆಯೂ ನಷ್ಟವಿಲ್ಲ. 9... ಇ4 ಎಂದು ಕಾಲಾಳಿನಿಂದ ತಡೆದರೂ, 9... ಒಂಟೆ ಎಫ್5 ಎಂದು ತಡೆದರೂ 10. ರಾಣಿ ಜಿ3 ಚೆಕ್ ಇದೆ. 8... ಕುದುರೆ ಸಿ6 ಎಂದು ರಾಣಿಯನ್ನು ಅಟ್ಟಿದರೂ ಇದೇ 9. ರಾಣಿ ಡಿ3 ಚೆಕ್.

ಕ್ಯಾಸ್ಲಿಂಗ್ ಮಾಡಿಬಿಟ್ಟರೆ ಬಿ4ರ ಚೆಕ್ ತಪ್ಪುತ್ತದಲ್ಲ ಎಂದು ನೀವು ಕೇಳಬಹುದು. ಚೆಕ್ ತಪ್ಪುತ್ತದೆ, ತೊಂದರೆ ತಪ್ಪುವುದಿಲ್ಲ. ಕಪ್ಪು 9... ಒಂಟೆ ಡಿ6 ಆಡಿದರೆ ನಮ್ಮ ರಾಣಿ ಬಂದ ದಾರಿ ಮುಚ್ಚುತ್ತದೆ. ಎಚ್8ರ ಆನೆಯನ್ನು ಹೊಡೆದು ಆ ಮೂಲೆಯಲ್ಲೇ ಸಿಕ್ಕಿಹಾಕಿಕೊಳ್ಳುವ ಅಪಾಯ ನಿಜವಾದದ್ದು. ಮೊದಲು ರಾಣಿ ಮನೆಗೆ, ಆಮೇಲೆ ಕ್ಯಾಸ್ಲಿಂಗ್.

ಅದಾದ ಮೇಲೆ ಅವಸರವಿಲ್ಲ. ಕುದುರೆಯನ್ನು ಸಿ3ಕ್ಕೆ, ಒಂಟೆಯನ್ನು ಹೊರಗೆ, ಆನೆಗಳನ್ನು ತೆರೆದ ಸಾಲುಗಳಿಗೆ ತನ್ನಿ. ರಾಣಿ ಇರುವವರು ಎದುರಿನ ರಾಜ ಬಯಲಿನಲ್ಲಿರುವಾಗ ಸುಮ್ಮನೆ ಕಾಯಿಗಳನ್ನು ಅದಲುಬದಲು ಮಾಡುತ್ತಾ ಹೋಗಬಾರದು.

ನಾಲ್ಕನೇ ಹಂತ: ಡಿ7ರಲ್ಲಿ ಕುದುರೆ ಕುಳಿತಾಗ ಎಂಟನೇ ನಡೆಯ ಚೆಕ್‌ಮೇಟ್

ಈ ಓಪನಿಂಗ್‌ನ ಅತ್ಯಂತ ಚೆಂದದ ಭಾಗ ಇದು. ವಿಡಿಯೊಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ತೆರೆದ ಡಿ ಸಾಲಿನ ಅಪಾಯವನ್ನು ಕಂಡ ಕಪ್ಪು ಆಟಗಾರ ಐದನೇ ನಡೆಯಲ್ಲಿ ಬಿ8ರ ಕುದುರೆಯನ್ನು ಡಿ7ಕ್ಕೆ ತಂದು ಸಾಲನ್ನು ಮುಚ್ಚುತ್ತಾನೆ. ಈಗ ಎಫ್7ರ ಬಲಿದಾನದಿಂದ ಏನೂ ಸಿಗುವುದಿಲ್ಲ. ನಾವು ಶಾಂತವಾಗಿ ಕ್ಯಾಸ್ಲಿಂಗ್ ಮಾಡುತ್ತೇವೆ. ಅವನು ಅಪಾಯ ಕಳೆಯಿತು ಎಂದುಕೊಂಡು, ಕುದುರೆಯನ್ನು ಓಡಿಸಲು ಅದೇ ಎಚ್6 ಆಡುತ್ತಾನೆ.

5... ಬಿ8ರ ಕುದುರೆ ಡಿ7
6. ಕ್ಯಾಸ್ಲಿಂಗ್ ಎಚ್6
7. ಕುದುರೆ ಇ6! ಎಫ್ × ಇ6
8. ಒಂಟೆ ಜಿ6 ಚೆಕ್‌ಮೇಟ್

ಬೋರ್ಡಿನ ಮೇಲೆ ಇಟ್ಟು ನೋಡಿ. ಕಪ್ಪಿನ ರಾಜ ಇ8ರಲ್ಲಿ. ಡಿ8ರಲ್ಲಿ ಅವನದೇ ರಾಣಿ, ಡಿ7ರಲ್ಲಿ ಅವನದೇ ಕುದುರೆ, ಇ7ರಲ್ಲಿ ಅವನದೇ ಕಾಲಾಳು, ಎಫ್8ರಲ್ಲಿ ಅವನದೇ ಒಂಟೆ. ಉಳಿದ ಎಫ್7 ಮನೆ ನಮ್ಮ ಒಂಟೆಯ ವಶ. ಜಿ6ರ ಒಂಟೆಯನ್ನು ಹೊಡೆಯಬಲ್ಲ ಕಾಯಿ ಯಾವುದೂ ಇಲ್ಲ, ಏಕೆಂದರೆ ಎಚ್7ರಲ್ಲಿದ್ದ ಕಾಲಾಳು ಎಚ್6ಕ್ಕೆ ಹೋಗಿಬಿಟ್ಟಿದೆ. ಸ್ವಂತ ಪಡೆಯ ನಡುವೆಯೇ ರಾಜ ಉಸಿರುಗಟ್ಟಿದ್ದಾನೆ.

ಏಳನೇ ನಡೆಯಲ್ಲಿ ಇ6ರ ಕುದುರೆಯನ್ನು ಹೊಡೆಯದೇ ಬಿಟ್ಟರೆ ಡಿ8ರ ರಾಣಿ ಹೋಗುತ್ತದೆ. ಆ ರಾಣಿಗೆ ಓಡಲು ಒಂದು ಮನೆಯೂ ಇಲ್ಲ. ಚೆಕ್‌ಮೇಟ್ ಅಥವಾ ರಾಣಿ, ಎರಡರಲ್ಲಿ ಒಂದು ಖಚಿತ.

ಎಚ್6 ಬರುವ ಮೊದಲೇ ಆತುರಪಟ್ಟು ಕುದುರೆಯನ್ನು ಇ6ಕ್ಕೆ ಹಾರಿಸಿದರೆ ಕೆಲಸ ಕೆಡುತ್ತದೆ. ಎಚ್7ರ ಕಾಲಾಳು ಜಿ6ರಲ್ಲಿ ಒಂಟೆಯನ್ನು ಹೊಡೆಯುತ್ತದೆ. ಆರನೇ ನಡೆಯಲ್ಲಿ ಕಪ್ಪು ಸಿ6ನಂತಹ ಕಾಯುವ ನಡೆ ಆಡಿದರೆ ನೀವೂ 7. ಆನೆ ಇ1 ಎಂದು ಕಾಯಿರಿ. ಎಚ್6 ಆಮೇಲೆ ಬಂದರೂ, ಇ6ರ ಕುದುರೆಯನ್ನು ಹೊಡೆದರೆ ಚೆಕ್‌ಮೇಟ್ ಹಾಗೆಯೇ ಇದೆ; ಸಿ6 ಆದ ಮೇಲೆ ರಾಣಿಗೆ ಮಾತ್ರ ಓಡಲು ದಾರಿ ಇರುತ್ತದೆ.

ಜಿ5ರ ಕುದುರೆ, ಡಿ3ರ ಒಂಟೆ, ಎದುರಾಳಿಯ ಅಕಾಲದ ಎಚ್6: ಈ ಮೂರು ಸೇರಿದಾಗ ವಿಶ್ವ ಚಾಂಪಿಯನ್ನರೇ ತತ್ತರಿಸಿದ್ದಾರೆ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧದ ಆರನೇ ಆಟದಲ್ಲಿ ಕಾಸ್ಪರೋವ್ ಕಾರೊ–ಕಾನ್ ಆಡಿ, ಏಳನೇ ನಡೆಯಲ್ಲಿ ಎಚ್6 ಎಂದರು. ಕಂಪ್ಯೂಟರ್ ಜಿ5ರ ಕುದುರೆಯಿಂದ ಇ6ರ ಕಾಲಾಳನ್ನು ಹೊಡೆಯಿತು. 19 ನಡೆಗಳಲ್ಲಿ ಆಟವೂ ಪಂದ್ಯವೂ ಮುಗಿದವು. ಅಲ್ಲಿ ಕಪ್ಪಿನ ಕಾಲಾಳು ಇ6ರಲ್ಲಿತ್ತು, ಇ7 ತೆರವಾಗಿತ್ತು, ರಾಣಿ ಅಲ್ಲಿಗೆ ಸರಿದು ರಾಜನಿಗೆ ಡಿ8 ಬಿಟ್ಟುಕೊಟ್ಟಿತು, ಹಾಗಾಗಿ ಆಟ ಸ್ವಲ್ಪ ಮುಂದುವರಿಯಿತು. ನಮ್ಮ ಗ್ಯಾಂಬಿಟ್‌ನಲ್ಲಿ ಇ7ರ ಕಾಲಾಳು ಕದಲದೇ ಇರುವುದರಿಂದ ಅಲ್ಲೇ ಚೆಕ್‌ಮೇಟ್.

ಯಾವಾಗ ಹೊಡೆಯಬಾರದು

ಐದನೇ ನಡೆಯಲ್ಲಿ ಕಪ್ಪು ಇ6 ಅಥವಾ ಇ5 ಆಡಿತು ಎಂದುಕೊಳ್ಳಿ. ಡಿ ಸಾಲು ತೆರೆದೇ ಇದೆ, ಕುದುರೆ ಜಿ5ರಲ್ಲೇ ಇದೆ, ಎಲ್ಲವೂ ವಿಡಿಯೊದಲ್ಲಿ ಇದ್ದಂತೆಯೇ ಕಾಣುತ್ತದೆ. ಕೈ ತುರಿಸುತ್ತದೆ. ಆಡಿ ನೋಡೋಣ: 6. ಕುದುರೆ × ಎಫ್7 ರಾಜ × ಎಫ್7 7. ಒಂಟೆ ಜಿ6 ಚೆಕ್ ಎಚ್ × ಜಿ6 8. ರಾಣಿ × ಡಿ8 ಒಂಟೆ ಬಿ4 ಚೆಕ್!

ಇ ಕಾಲಾಳು ಮುಂದೆ ಹೋಗಿದ್ದರಿಂದ ಒಂಟೆಗೆ ಬಿ4ರ ದಾರಿ ಮೊದಲೇ ತೆರೆದಿತ್ತು. ಒಂಟೆ ಚೆಕ್ ಕೊಡುತ್ತಾ ಸರಿದ ಕ್ಷಣ ಎಚ್8ರ ಆನೆ ನಮ್ಮ ರಾಣಿಯನ್ನು ನೋಡುತ್ತಿದೆ. 9. ಸಿ3 ಎಂದರೆ 9... ಆನೆ × ಡಿ8 10. ಸಿ × ಬಿ4, 9. ರಾಣಿ ಡಿ2 ಎಂದರೆ ಒಂಟೆ ರಾಣಿಯನ್ನು ಹೊಡೆಯುತ್ತದೆ, ನಾವು ಆ ಒಂಟೆಯನ್ನು ಹೊಡೆಯುತ್ತೇವೆ. ಯಾವ ದಾರಿ ಹಿಡಿದರೂ ಕೊನೆಗೆ ಒಂದು ಪೂರ್ತಿ ಕುದುರೆಯಷ್ಟು ಹಿಂದೆ ಬೀಳುತ್ತೇವೆ. ಲೇಖನದ ಆರಂಭದಲ್ಲಿ ಹೇಳಿದ ಮಕ್ಕಳು ಬೀಳುವ ಗುಂಡಿ ಇದೇ.

ಇನ್ನೊಂದು ಸ್ಥಿತಿ 5... ಕುದುರೆ ಸಿ6. ಇ7ರ ಕಾಲಾಳು ಅಲ್ಲೇ ಇದೆ, ನಿಜ. ಆದರೆ ಸಿ6ರ ಕುದುರೆ ಡಿ8 ಮನೆಯನ್ನು ಕಾಯುತ್ತಿದೆ. ಎಂಟನೇ ನಡೆಯಲ್ಲಿ ನಾವು ರಾಣಿಯನ್ನು ಹೊಡೆದರೆ ಆ ಕುದುರೆ ನಮ್ಮ ರಾಣಿಯನ್ನು ಹೊಡೆಯುತ್ತದೆ. ಎರಡು ಕಾಯಿಗಳು ಸುಮ್ಮನೆ ಹೋದಂತಾಗುತ್ತದೆ. ಇಲ್ಲಿ ಎಚ್6 ಬಂದರೆ ಮುಖ ಸಣ್ಣ ಮಾಡಿಕೊಳ್ಳದೆ ಕುದುರೆಯನ್ನು ಎಫ್3ಕ್ಕೆ ಹಿಂದೆ ತನ್ನಿ.

ಹಾಗಾಗಿ ಎಫ್7ರತ್ತ ಕೈ ಚಾಚುವ ಮೊದಲು ಮನಸ್ಸಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು:

– ಇ7ರ ಕಾಲಾಳು ಕದಲದೇ ಇದೆಯೇ?
– ಡಿ ಸಾಲಿನಲ್ಲಿ ನನ್ನ ಒಂಟೆ ಬಿಟ್ಟರೆ ಬೇರೆ ಅಡ್ಡಿ ಇಲ್ಲವೇ?
– ಡಿ8ನ್ನು ರಾಜನಲ್ಲದೆ ಬೇರೆ ಯಾರಾದರೂ ಕಾಯುತ್ತಿದ್ದಾರೆಯೇ?

ಮೂರಕ್ಕೂ ಅನುಕೂಲದ ಉತ್ತರ ಸಿಕ್ಕರೆ ಎಫ್7. ಡಿ7ರಲ್ಲಿ ಕುದುರೆ ಕುಳಿತು ಎಚ್6 ಬಂದಿದ್ದರೆ ಇ6. ಇವೆರಡೂ ಅಲ್ಲದಿದ್ದರೆ ಬಲಿಕೊಡಲೆಂದು ಕುದುರೆಯನ್ನು ಮುಟ್ಟಲೇಬೇಡಿ. ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನು ಆಡಲೇಬೇಕು ಎಂಬ ನಿಯಮವಿದೆ. ಯೋಚನೆ ಮುಗಿಯುವವರೆಗೆ ಕೈ ಮೇಜಿನ ಕೆಳಗಿರಲಿ ಎಂದು ನಾನು ಹೊಸಬರಿಗೆ ಹೇಳುವುದುಂಟು. ಕ್ಯಾಸ್ಲಿಂಗ್ ಮಾಡುವಾಗಲೂ ಮೊದಲು ಮುಟ್ಟಬೇಕಾದದ್ದು ರಾಜನನ್ನು. ಆನೆಯನ್ನು ಮೊದಲು ಮುಟ್ಟಿದರೆ ಆ ಕಡೆಗೆ ಕ್ಯಾಸ್ಲಿಂಗ್ ಹಕ್ಕು ಆ ನಡೆಯಲ್ಲಿ ಇಲ್ಲ.

5... ಇ6 ಬಂದ ಮೇಲೆ ಏನು ಮಾಡುವುದು? ಒಂದು ಕಾಲಾಳು ಕಡಿಮೆ ಇದೆ, ಬೇಟೆ ತಪ್ಪಿದೆ. ಆದರೂ ಆಟ ಕೆಟ್ಟಿಲ್ಲ. ಕ್ಯಾಸ್ಲಿಂಗ್ ಮಾಡಿ, ಸಿ3ಕ್ಕೆ ಕುದುರೆ ತನ್ನಿ, ಆನೆಯನ್ನು ಇ1ರಲ್ಲಿಡಿ. ಕಪ್ಪು ರಾಜನ ಕಡೆಗೆ ಕ್ಯಾಸ್ಲಿಂಗ್ ಮಾಡಿದರೆ ಎಚ್7 ನಮ್ಮ ಹೊಸ ಗುರಿ. ಡಿ3ರ ಒಂಟೆಯೂ ಜಿ5ರ ಕುದುರೆಯೂ ಆಗಲೇ ಅತ್ತ ನೋಡುತ್ತಿವೆ. ರಾಣಿ ಎಫ್3ರ ಮೂಲಕ ಎಚ್3ಕ್ಕೆ ಬಂದರೆ ಎಚ್7ನ್ನು ಉಳಿಸುತ್ತಿರುವುದು ಎಫ್6ರ ಕುದುರೆ ಒಂದೇ. ಸಿ3ರ ಕುದುರೆಯನ್ನು ಇ4ಕ್ಕೆ ತಂದು ಆ ಕಾವಲುಗಾರನನ್ನು ಅದಲುಬದಲು ಮಾಡುವುದು ಸರಿಯಾದ ಯೋಜನೆ. 5... ಇ5 ಆದರೆ 6. ರಾಣಿ ಇ2 ಆಡಿ ಇ5ರ ಕಾಲಾಳಿನ ಮೇಲೆ ಒತ್ತಡ ಹಾಕಿ. ಸಿ8ರ ಒಂಟೆಗೆ ದಾರಿ ತೆರೆದಿರುವುದರಿಂದ ಎಚ್3ರ ಯೋಜನೆ ಇಲ್ಲಿ ನಡೆಯದು.

ಮೂರನೇ ನಡೆಯಲ್ಲೇ ಕಪ್ಪು ದಾರಿ ಬದಲಿಸಿದರೆ

3... ಇ5 ಅತ್ಯುತ್ತಮ ಉತ್ತರ. ಡಿ8ರ ರಾಣಿಗೆ ಜಿ5ರ ಕುದುರೆ ಕಾಣುತ್ತದೆ, ಆದ್ದರಿಂದ 4. ಕುದುರೆ × ಇ4. ಕಾಲಾಳುಗಳ ಲೆಕ್ಕ ಸಮವಾಯಿತು. 4... ಎಫ್5 5. ಕುದುರೆ ಜಿ3. ಈಗ ಕಪ್ಪು ಹುಮ್ಮಸ್ಸಿನಲ್ಲಿ 5... ಎಫ್4 ಎಂದು ಕುದುರೆಯನ್ನು ಮತ್ತೆ ಅಟ್ಟಿದರೆ 6. ರಾಣಿ ಎಚ್5 ಚೆಕ್! ಜಿ6 7. ರಾಣಿ × ಇ5 ಚೆಕ್. ಕಪ್ಪಿಗೆ ಇರುವ ಒಳ್ಳೆಯ ಉತ್ತರ 7... ರಾಣಿ ಇ7 ಒಂದೇ, ಇಲ್ಲವಾದರೆ ಎಚ್8ರ ಆನೆ ಹೋಗುತ್ತದೆ. 8. ರಾಣಿ × ಇ7 ಚೆಕ್ ಮಾಡಿ, ಕಪ್ಪು ಮರಳಿ ಹೊಡೆದ ಮೇಲೆ 9. ಕುದುರೆ ಇ4. ಒಂದು ಕಾಲಾಳು ನಮಗೆ ಹೆಚ್ಚು. ಕಪ್ಪು ಎಚ್ಚರದಿಂದ 5... ಕುದುರೆ ಎಫ್6 ಆಡಿದರೆ ಕೇಂದ್ರದಲ್ಲಿ ಅವನ ಹಿಡಿತ ಚೆನ್ನಾಗಿದೆ. ಡಿ3, ಒಂಟೆ ಇ2, ಕ್ಯಾಸ್ಲಿಂಗ್ ಎಂದು ತಾಳ್ಮೆಯಿಂದ ಆಡಬೇಕು.

3... ಒಂಟೆ ಎಫ್5 ಎಂದು ಕಾಲಾಳನ್ನು ಕಾದರೆ 4. ಒಂಟೆ ಸಿ4 ಆಡಿ ಎಫ್7ರ ಮೇಲೆ ಮುಗಿಬೀಳುವ ಆಸೆ ಬರುತ್ತದೆ. ಬೇಡ. 4... ಇ6 ಎಂಬ ಒಂದೇ ನಡೆ ನಮ್ಮ ಒಂಟೆಯ ದಾರಿಯನ್ನು ಮುಚ್ಚಿ, ರಾಣಿಯ ದಾರಿಯನ್ನು ತೆರೆದು, ಜಿ5ರ ಕುದುರೆಯನ್ನು ಅಪಾಯಕ್ಕೆ ಒಡ್ಡುತ್ತದೆ. ಮೊದಲು 4. ಕುದುರೆ ಸಿ3; ಕಪ್ಪು ಕುದುರೆ ಎಫ್6ಕ್ಕೆ ಬಂದು ತನ್ನ ರಾಣಿಗೆ ತಾನೇ ಅಡ್ಡ ನಿಂತ ಮೇಲೆ ಒಂಟೆ ಸಿ4. ಅಲ್ಲಿ ತಕ್ಷಣದ ಗೆಲುವೇನೂ ಇಲ್ಲ. ಕಪ್ಪು ಕುದುರೆ ಸಿ6, ಡಿ4 ಎಂದು ನುಗ್ಗಿ ಇ4ರ ಕಾಲಾಳು ತೆರವಾದಾಗ ಎಫ್5ರ ಒಂಟೆಯ ಜೊತೆ ಸೇರಿ ಸಿ2ರ ಮೇಲೆ ಬೀಳುವುದನ್ನು ಗಮನಿಸುತ್ತಿರಬೇಕು.

3... ರಾಣಿ ಡಿ5 ನೋಡಲು ಭಯ ಹುಟ್ಟಿಸುತ್ತದೆ. 4. ಡಿ3! ಸಿ1ರ ಒಂಟೆಯ ದಾರಿ ತೆರೆದು ಜಿ5ರ ಕುದುರೆಗೆ ರಕ್ಷಣೆ ಸಿಕ್ಕಿತು. 4... ಇ × ಡಿ3 5. ಕುದುರೆ ಸಿ3, ರಾಣಿ ಓಡಬೇಕು, ನಮಗೆ ಒಂದು ನಡೆಯ ಲಾಭ.

3... ಎಫ್5ಕ್ಕೆ 4. ಒಂಟೆ ಸಿ4. ಈಗ ಕುದುರೆ ಎಫ್7ಕ್ಕೆ ಹಾರಿದರೆ ಒಂಟೆಯ ಬೆಂಬಲವಿರುವುದರಿಂದ ರಾಜ ಹೊಡೆಯಲಾರ. ರಾಣಿ, ಆನೆ ಎರಡೂ ಅದರ ಹಿಡಿತದಲ್ಲಿ.

ಅಭ್ಯಾಸ ಮಾಡುವುದು

ತಾಳಮದ್ದಳೆಯ ಒಳ್ಳೆಯ ಅರ್ಥಧಾರಿ ತನ್ನ ಮಾತನ್ನಷ್ಟೇ ಸಿದ್ಧಮಾಡಿಕೊಂಡು ಬರುವುದಿಲ್ಲ. ಎದುರಿನ ಪಾತ್ರ ಯಾವ ಯಾವ ಪ್ರಶ್ನೆ ಎತ್ತಬಹುದು ಎಂದು ಮೊದಲೇ ಯೋಚಿಸಿರುತ್ತಾನೆ. ಗ್ಯಾಂಬಿಟ್ ಆಡುವವರ ತಯಾರಿಯೂ ಹಾಗಿರಬೇಕು. ಬಿಳಿಯ ನಡೆಗಳನ್ನು ಕಲಿತ ಮೇಲೆ ಬೋರ್ಡ್ ತಿರುಗಿಸಿ ಕಪ್ಪಿನ ಕಡೆ ಕುಳಿತುಕೊಳ್ಳಿ. ಐದನೇ ನಡೆಯಲ್ಲಿ ಎಚ್6, ಜಿ6, ಇ6, ಇ5, ಕುದುರೆ ಸಿ6, ಕುದುರೆ ಡಿ7 ಇವುಗಳಲ್ಲಿ ಒಂದನ್ನು ಗೆಳೆಯ ಆಡಲಿ. ಹೊಡೆಯಬೇಕೋ ಬೇಡವೋ ಎಂದು ನೀವು ಕಾಯಿ ಮುಟ್ಟದೆ ಹೇಳಬೇಕು. ಕಾರಣವನ್ನೂ ಹೇಳಬೇಕು. ಆಮೇಲೆ ಪಾತ್ರ ಬದಲಿಸಿಕೊಳ್ಳಿ. ಮಕ್ಕಳಿಗೆ ಕಲಿಸುವವರಾದರೆ ಇ6ರ ಸ್ಥಿತಿಯನ್ನು ಎಚ್6ಕ್ಕಿಂತ ಮೊದಲೇ ತೋರಿಸಿ. ಸಿಹಿ ಮೊದಲು ಸಿಕ್ಕ ಮಗು ಕಹಿಯನ್ನು ಕೇಳಿಸಿಕೊಳ್ಳುವುದಿಲ್ಲ.

ಉಡುಪಿಯಿಂದ ಮಂಗಳೂರಿಗೆ, ಮಂಗಳೂರಿನಿಂದ ಉಡುಪಿಗೆ ಟೂರ್ನಿಗೆಂದು ಬಸ್ಸಿನಲ್ಲಿ ಹೋಗುವವರಿಗೆ ಬೋರ್ಡಿಲ್ಲದ ಅಭ್ಯಾಸವೂ ಆಗುತ್ತದೆ. ಮಂಗಳೂರಿನಿಂದ ಹೊರಟು ಸುರತ್ಕಲ್ ದಾಟುವುದರೊಳಗೆ ಎಫ್7ರ ಬಲಿದಾನವನ್ನು ಕಣ್ಣುಮುಚ್ಚಿ ಕೊನೆಯವರೆಗೆ ನೋಡಿ. ಮೂಲ್ಕಿಯಿಂದ ಪಡುಬಿದ್ರಿಯವರೆಗೆ ಇ6 ಬಂದಾಗ ಬಿ4ರ ಚೆಕ್ ಹೇಗೆ ಕೆಡಿಸುತ್ತದೆ ಎಂದು ನೋಡಿ. ಕಾಪು ಬರುವಾಗ ಡಿ7ರ ಕುದುರೆ, ಇ6ರ ಹಾರಾಟ, ಜಿ6ರ ಚೆಕ್‌ಮೇಟ್. ಪ್ರತಿ ಮನೆಯ ಹೆಸರನ್ನು ಮನಸ್ಸಿನಲ್ಲೇ ಉಚ್ಚರಿಸಿ. ತಪ್ಪಿದರೆ ಮೊದಲಿನಿಂದ ಶುರು. ಕಿಟಕಿಯಾಚೆ ನೋಡುತ್ತಾ ಕುಳಿತವರಂತೆ ಕಂಡರೂ ತಲೆಯೊಳಗೆ ಒಳ್ಳೆಯ ಕೆಲಸ ನಡೆದಿರುತ್ತದೆ.

ಮನೆಯಲ್ಲಿ ಲಿಚೆಸ್ ಜಾಲತಾಣ ಉಚಿತವಾಗಿ ಸಿಗುತ್ತದೆ. ಅದರಲ್ಲಿರುವ ಸ್ಟಾಕ್‌ಫಿಶ್ ಎಂಜಿನ್ ನಿಮ್ಮ ಪ್ರತಿ ಕವಲನ್ನೂ ಪರೀಕ್ಷಿಸುತ್ತದೆ. ಎರಡನೇ ನಡೆಯಲ್ಲೇ ಅದು ಬಿಳಿಯ ಕಡೆಗೆ ಕಡಿಮೆ ಅಂಕ ತೋರಿಸುತ್ತದೆ ಎಂದು ಎದೆಗುಂದಬೇಡಿ. ಅದು ಕಪ್ಪಿನ ಪರವಾಗಿ 3... ಇ5 ಆಡುತ್ತದೆ, ನಿಮ್ಮ ಎದುರಿನ ಆಟಗಾರ ಅದನ್ನು ಮೇಜಿನ ಮುಂದೆ ಕುಳಿತು, ಗಡಿಯಾರ ಓಡುತ್ತಿರುವಾಗ ಹುಡುಕಬೇಕು.

ಯಾವ ಆಟಗಳಿಗೆ ಇದು ತಕ್ಕದ್ದು? ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯದ ಬ್ಲಿಟ್ಜ್‌ಗೆ, ಅದಕ್ಕಿಂತ ಹೆಚ್ಚು ಆದರೆ ಒಂದು ಗಂಟೆಗಿಂತ ಕಡಿಮೆ ಸಮಯದ ರ‍್ಯಾಪಿಡ್‌ಗೆ ಧೈರ್ಯವಾಗಿ ಆಡಿ. ದೀರ್ಘ ಸಮಯದ ಕ್ಲಾಸಿಕಲ್ ಆಟದಲ್ಲಿ, ಅದರಲ್ಲೂ ನಿಮ್ಮ ಹಳೆಯ ಆಟಗಳು ಎದುರಾಳಿಗೆ ಸಿಗುವಂತಿದ್ದರೆ, ನಾನಾದರೆ ಎರಡನೇ ನಡೆಯಲ್ಲಿ ಡಿ5ರ ಕಾಲಾಳನ್ನು ಹೊಡೆದು ಆಡುತ್ತೇನೆ. ಒಂದೇ ಟೂರ್ನಿಯಲ್ಲಿ ಎರಡನೇ ಬಾರಿ ಇದನ್ನು ಆಡುವ ಮೊದಲೂ ಸುತ್ತ ಒಮ್ಮೆ ನೋಡಿಕೊಳ್ಳಿ. ನಮ್ಮ ಕಡೆಯ ಸಭಾಂಗಣಗಳಲ್ಲಿ ಆಟ ಬೇಗ ಮುಗಿಸಿದ ಮಕ್ಕಳು ಬೇರೆಯವರ ಬೋರ್ಡಿನ ಹಿಂದೆ ನಿಂತು ನೋಡುತ್ತಿರುತ್ತಾರೆ, ಮುಂದಿನ ಸುತ್ತಿನಲ್ಲಿ ನಿಮಗೆ ಎದುರಾಗುವವನು ಅವರಲ್ಲೇ ಇರಬಹುದು. ಅವನು ಇ6 ಆಡಲು ಸಿದ್ಧನಾಗಿಯೇ ಕುರ್ಚಿ ಎಳೆದುಕೊಳ್ಳುತ್ತಾನೆ.